ಪುಸ್ತಕದ ಹಾಗೇ, ಸಿನಿಮಾದ ಹಾಗೇ

ಇತ್ತೀಚೆಗೆ ಎರಡು ಹೊಗಳಿಕೆ ಪದೇ ಪದೇ ಕಿವಿಗೆ ಬೀಳುತ್ತಿವೆ. ಕಾದಂಬರಿ ಆಧರಿಸಿದ ಸಿನಿಮಾ ಬಂದರೆ 'ಪುಸ್ತಕದ ಹಾಗೇ ಇದೆ, ಒಂದಿಷ್ಟೂ ಬದಲಾಯಿಸಿಲ್ಲ' ಅಂತಾರೆ. ಡಾಕ್ಯುಮೆಂಟರಿ ಬಂದರೆ 'ಡಾಕ್ಯುಮೆಂಟರಿ ಅನಿಸೋದೇ ಇಲ್ಲ, ಸಿನಿಮಾ ನೋಡಿದ ಹಾಗೇ ಆಯ್ತು' ಅಂತಾರೆ. ಎಷ್ಟೋ ಸಲ ಎರಡನ್ನೂ ಹೇಳುವುದು ಒಬ್ಬರೇ. ಇದು ನನಗೆ ಬಹಳ ದಿನದಿಂದ ಕಿರಿಕಿರಿ. ಸಡಿಲ ಬಿಡಬೇಕಾದ ಕಡೆ ಬಿಗಿ ಹಿಡಿದವರನ್ನು ಮೆಚ್ಚುತ್ತೇವೆ, ಬಿಗಿ ಹಿಡಿಯಬೇಕಾದ ಕಡೆ ಸಡಿಲ ಬಿಟ್ಟವರಿಗೆ ಚಪ್ಪಾಳೆ ತಟ್ಟುತ್ತೇವೆ. ಕಾಗದದ ಮೇಲಿನ ಪಾತ್ರವನ್ನು ಸಿನಿಮಾದವರು ಏನು ಮಾಡಿದರೂ ಪುಸ್ತಕ ಕಪಾಟಿನಲ್ಲಿ ಇದ್ದ ಹಾಗೇ ಇರುತ್ತದೆ. ಡಾಕ್ಯುಮೆಂಟರಿಯಲ್ಲಿ ಬರುವವರು ಮಾತ್ರ ಮರುದಿನ ಅದೇ ಓಣಿಯಲ್ಲಿ ನೀರು ತರಲು ಹೋಗಬೇಕು.

ನಾನು ಕಲಬುರಗಿಯವನು. ಇಲ್ಲಿ ಸಿನಿಮಾ ಹುಚ್ಚು ಹತ್ತಿದವರಿಗೆ ಭಾಷೆಯ ಮಡಿ ಇರುವುದಿಲ್ಲ. ಹೈದರಾಬಾದಿನ ಕಡೆಯಿಂದ ತೆಲುಗು, ಸೋಲಾಪುರದ ಕಡೆಯಿಂದ ಮರಾಠಿ, ಎಲ್ಲ ಕಡೆಯಿಂದ ಹಿಂದಿ. ಕನ್ನಡ ಅಂತೂ ಇದ್ದೇ ಇದೆ. ಈಗ ಮೊಬೈಲಿನಲ್ಲಿ ಮಲಯಾಳಂ, ಸ್ಪ್ಯಾನಿಷ್ ಕೂಡ. ಎಲ್ಲವನ್ನೂ ನೋಡುತ್ತೇನೆ. ಆದರೆ ಓದಿದ ಪುಸ್ತಕ ತೆರೆಗೆ ಬರುತ್ತದೆ ಅಂದಾಗ ಆಗುವ ಹೊಟ್ಟೆಯೊಳಗಿನ ಸಂಕಟ ಬೇರೆಯೇ.

ಮುಸ್ತಫಾ ನಮ್ಮೂರಿಗೆ ಬಂದರೆ

2023ರ ಮೇ ತಿಂಗಳಲ್ಲಿ 'ಡೇರ್‌ಡೆವಿಲ್ ಮುಸ್ತಫಾ' ಬಂತು. ಪೂರ್ಣಚಂದ್ರ ತೇಜಸ್ವಿಯವರ ಕತೆ. 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿ ಇರೋದು. ಆ ಸಣ್ಣ ಪುಸ್ತಕದಿಂದ ಎಷ್ಟು ಸಿನಿಮಾ ಹುಟ್ಟಿವೆ ನೋಡಿ. 1973ರಲ್ಲೇ ಎನ್. ಲಕ್ಷ್ಮೀನಾರಾಯಣ್ ಪೋಸ್ಟಾಫೀಸಿನ ಕತೆ ತೆಗೆದುಕೊಂಡರು. ಆಮೇಲೆ ಗಿರೀಶ್ ಕಾಸರವಳ್ಳಿ 'ತಬರನ ಕಥೆ' ಮಾಡಿದರು, ಅದರಲ್ಲಿ ತಬರನಾದ ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಅರ್ಧ ಶತಮಾನ ಆದಮೇಲೆ ಶಶಾಂಕ್ ಸೋಗಾಲ್ ಮುಸ್ತಫಾನನ್ನು ಹಿಡಿದರು. ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ ಅದು. ಅಂದರೆ ಅಭಿಮಾನಿಗಳೇ ನಿರ್ಮಾಪಕರು. ಇಂಥ ಕಡೆ ಭಯ ಜಾಸ್ತಿ. ಅಭಿಮಾನಿಗಳ ಕೈಗೆ ಸಿಕ್ಕಿದ ಪುಸ್ತಕ ಒಂದೊಂದು ಸಲ ಪೂಜೆಗೆ ಇಟ್ಟ ಹಾಗೆ ಆಗಿಬಿಡುತ್ತದೆ.

ನಾನು ನೋಡಿದ್ದು ನನ್ನ ಕಾಲೇಜಿನ ಗೆಳೆಯನ ಜೊತೆ. ಅವನು ಮುಸಲ್ಮಾನ. ಕತೆಯ ಎಳೆ ನಿಮಗೆ ಗೊತ್ತೇ ಇದೆ. ಮಲೆನಾಡಿನ ಒಂದು ಊರಿನ ಕಾಲೇಜು, ಒಬ್ಬನೂ ಮುಸ್ಲಿಂ ಹುಡುಗ ಇಲ್ಲದ ಕ್ಲಾಸು, ಅಲ್ಲಿಗೆ ಒಬ್ಬ ಮುಸ್ತಫಾ ಬರ್ತಾನೆ ಅನ್ನೋ ಸುದ್ದಿಗೇ ಎಲ್ಲರೂ ಕಂಗಾಲು. ಇಡೀ ಥಿಯೇಟರ್ ನಗುತ್ತಿತ್ತು. ನನ್ನ ಗೆಳೆಯ ಮಾತ್ರ ನನ್ನ ಕಡೆ ವಾಲಿ, 'ಅಲ್ಲೋ ಮಾರಾಯ, ಒಬ್ಬ ಮುಸ್ತಫಾ ಬಂದ್ರ ಇಷ್ಟ್ಯಾಕ ಅಂಜತಾರ ಇವರು?' ಅಂದ. ಅವನು ನಿಜವಾಗಿಯೂ ಕೇಳುತ್ತಿದ್ದ. ನಮ್ಮ ಕಾಲೇಜಿನಲ್ಲಿ ಹಾಜರಿ ಕರೆದರೆ ಮಲ್ಲಿಕಾರ್ಜುನ, ಮಹೆಬೂಬ, ಮುಸ್ತಫಾ ಒಂದೇ ಉಸಿರಿನಲ್ಲಿ ಬರುತ್ತಿದ್ದರು. ಬಂದೇ ನವಾಜರ ಉರುಸು, ಶರಣಬಸವೇಶ್ವರ ಜಾತ್ರೆ, ಎರಡಕ್ಕೂ ಅದೇ ಗುಂಪು, ಅದೇ ಮಿಠಾಯಿ ಅಂಗಡಿ. ಜಗಳ ಇಲ್ಲ ಅಂತ ಅಲ್ಲ. ಬೇಕಾದಷ್ಟಿವೆ. ಆದರೆ ಅದು ಪರಿಚಯ ಇರುವವರ ಜಗಳ. ಪರಿಚಯವೇ ಇಲ್ಲದ ಭಯ ನಮಗೆ ಹೊಸದು.

ಸಿನಿಮಾ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಇದೇ ಮಾತು. ಅವನಿಗೆ ಸಿನಿಮಾ ಇಷ್ಟ ಆಗಿತ್ತು. ಕ್ರಿಕೆಟ್ ಮ್ಯಾಚು ಇನ್ನೂ ಇಷ್ಟ. 'ಆದ್ರ ಆ ಮುಸ್ತಫಾ ಭಾಳ ಒಳ್ಳ್ಯಾವ ಅದಾನೋ. ನಮ್ಮ ಕ್ಲಾಸಿನ ಮುಸ್ತಫಾ ಕಾಪಿ ಹೊಡೀತಿದ್ದ, ಸಾಲಾ ತೊಗೊಂಡು ಕೊಡ್ತಿರಲಿಲ್ಲ' ಅಂದು ನಕ್ಕ. ಅವನ ನಗೆಯಲ್ಲಿ ಒಂದು ವಿಮರ್ಶೆ ಇತ್ತು. ಒಬ್ಬನೇ ಇದ್ದಾಗ ಅವನು ಒಳ್ಳೆಯವನಾಗಿಯೇ ಇರಬೇಕು, ಜಾಣನಾಗಿಯೇ ಇರಬೇಕು, ಮ್ಯಾಚನ್ನೂ ಗೆಲ್ಲಿಸಬೇಕು. ನಾಲ್ಕು ಜನ ಮುಸ್ತಫಾ ಇದ್ದರೆ ಒಬ್ಬ ದಡ್ಡನಾದರೂ ನಡೆಯುತ್ತದೆ.

ಆದರೂ ನಾನು ಈ ಸಿನಿಮಾದ ಪರ. ಕಾರಣ, ಅವರು ಪುಸ್ತಕಕ್ಕೆ ಹೆದರಲಿಲ್ಲ. ಒಂದು ಸಣ್ಣ ಕತೆಯನ್ನು ಎರಡು ಗಂಟೆಗೂ ಹೆಚ್ಚು ಹಿಗ್ಗಿಸಿದರು. ಕಾರ್ಟೂನಿನ ಅಂಚಿಗೆ ಹೋಗುವ ಬಣ್ಣ ಬಳಿದರು. ತೇಜಸ್ವಿ ಕತೆ ಹೇಳುವಾಗ ತುಟಿ ಬಿಗಿ ಹಿಡಿದು ನಗುತ್ತಾರೆ, ಸಿನಿಮಾ ಬಾಯಿ ತೆರೆದು ನಗುತ್ತದೆ. ಕೆಲವು ಕಡೆ ಅತಿ ಆಯ್ತು ಅನಿಸಿತು. ಆದರೆ ಅದು ಸಿನಿಮಾದವರ ಸ್ವಂತ ಅತಿ. ಪುಸ್ತಕದ ಹಾಗೇ ಮಾಡಿದ್ದರೆ ಅರ್ಧ ಗಂಟೆಯ ಒಂದು ಮರ್ಯಾದಸ್ಥ ಕಿರುಚಿತ್ರ ಸಿಗುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ನಾನು ಮತ್ತು ನನ್ನ ಗೆಳೆಯ ಅಷ್ಟು ಹೊತ್ತು ಚಹಾ ಕುಡಿಯುತ್ತಾ ಕೂರುತ್ತಲೂ ಇರಲಿಲ್ಲ.

ಮರಳು, ನೀರು, ಸಾಲ

2024ರ ಮಾರ್ಚ್ ಕೊನೆಗೆ 'ಆಡುಜೀವಿತಂ' ಬಂತು. ಬೆನ್ಯಾಮಿನ್ ಅವರ 2008ರ ಕಾದಂಬರಿ, ಬ್ಲೆಸ್ಸಿ ನಿರ್ದೇಶನ. ಕನ್ನಡಕ್ಕೂ ಡಬ್ ಆಗಿತ್ತು. ಕೇರಳದಲ್ಲಿ ನದಿಯ ಮರಳು ತೆಗೆಯುತ್ತಿದ್ದ ನಜೀಬ್ ಸೌದಿಗೆ ಹೋಗಿ, ಯಾರದೋ ಕೈಗೆ ಸಿಕ್ಕಿ, ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಗುಲಾಮ ಆಗುವ ಕತೆ. ನಿಜವಾಗಿ ಅನುಭವಿಸಿದ ಒಬ್ಬ ಮನುಷ್ಯ ಇದ್ದಾನೆ, ಅವನಿಂದ ಹುಟ್ಟಿದ ಕಾದಂಬರಿ ಇದೆ, ಅದರಿಂದ ಹುಟ್ಟಿದ ಸಿನಿಮಾ ಇದೆ. ಮೂರು ಸುತ್ತು.

ಸಿನಿಮಾಕ್ಕಾಗಿ ಪಟ್ಟ ಕಷ್ಟ ದೊಡ್ಡದು. 2020ರ ಲಾಕ್‌ಡೌನ್‌ನಲ್ಲಿ ಇಡೀ ತಂಡ ಜೋರ್ಡನ್‌ನ ವಾಡಿ ರಮ್ ಮರುಭೂಮಿಯಲ್ಲಿ ಸಿಕ್ಕಿಕೊಂಡಿತ್ತು. ನಜೀಬ್ ಪಾತ್ರಕ್ಕೆ ಪೃಥ್ವಿರಾಜ್ ಮೈ ಕರಗಿಸಿದ್ದು ನೋಡಿದರೆ ಭಯ ಆಗುತ್ತದೆ. ಅವನು ಬತ್ತಲೆ ನಿಂತು ಸ್ನಾನ ಮಾಡುವ ದೃಶ್ಯದಲ್ಲಿ ಥಿಯೇಟರಿನಲ್ಲಿ ಒಂದು ಶಿಳ್ಳೆಯೂ ಇಲ್ಲ. ಅದು ಕಲಬುರಗಿಯಲ್ಲಿ ಸಣ್ಣ ಮಾತಲ್ಲ.

ಆದರೆ ಮೂರು ಗಂಟೆಯ ಹತ್ತಿರ ಕೂತು ಹೊರಗೆ ಬಂದಾಗ ಒಂದು ಕೊರತೆ ಕಾಡಿತು. ಕಾದಂಬರಿಯಲ್ಲಿ ನಜೀಬ್ ಆಡುಗಳಿಗೆ ತನ್ನ ಊರಿನವರ ಹೆಸರು ಇಡುತ್ತಾನೆ. ಊರಿನ ಹಳೆಯ ತರಲೆ, ಸಿಟ್ಟು, ಆಸೆ ಎಲ್ಲ ಆ ಹೆಸರುಗಳಲ್ಲಿ ಬರುತ್ತವೆ. ಓದುವಾಗ ನಗು ಬರುತ್ತದೆ. ನಗು ಬರುವುದರಿಂದಲೇ ಹೊಟ್ಟೆ ಹಿಂಡುತ್ತದೆ. ಪರದೆಯ ಮೇಲೆ ಆ ಸಲುಗೆಗೆ ಜಾಗ ಸಿಕ್ಕಿಲ್ಲ. ಅಲ್ಲಿ ನೆನಪಿಗೆ ಬರುವುದು ನದಿ, ನೀರು, ಹೆಂಡತಿ, ಹಾಡು. ಎಲ್ಲ ಬಹಳ ಸುಂದರ.

ನಮ್ಮ ಓಣಿಯಲ್ಲಿ ರಿಯಾದ್‌ನಲ್ಲಿ ಡ್ರೈವರ್ ಆಗಿದ್ದು ಬಂದ ಒಬ್ಬರಿದ್ದಾರೆ. ಈ ಕಡೆ ಗಲ್ಫಿಗೆ ಹೋದವರು ಮನೆಗೊಬ್ಬರು ಅಲ್ಲದಿದ್ದರೂ ಓಣಿಗೊಬ್ಬರಂತೂ ಸಿಗುತ್ತಾರೆ. ಅವರಿಗೆ ಆಡಿನ ದೊಡ್ಡಿಯ ಕಷ್ಟ ಬರಲಿಲ್ಲ, ದೇವರ ದಯೆ. ಸಿನಿಮಾ ನೋಡಿ ಬಂದು ಅವರು ಹೇಳಿದ್ದು ಒಂದೇ ಮಾತು. 'ಛಲೋ ತಗದಾರ. ಆದ್ರ ಅಲ್ಲಿ ಕುಂತಾಗ ನೀರು ನೆನಪ ಆಗಲ್ರೀ. ಏಜೆಂಟಗ ಕೊಟ್ಟ ರೊಕ್ಕ ನೆನಪ ಆಗ್ತದ. ಬಡ್ಡಿ ನೆನಪ ಆಗ್ತದ.' ನೂರು ವಿಮರ್ಶೆ ಓದಿದರೂ ಇದು ನನಗೆ ಹೊಳೆಯುತ್ತಿರಲಿಲ್ಲ. ಸಿನಿಮಾ ಕಾದಂಬರಿಯ ಘಟನೆಗಳಿಗೆ ನಿಷ್ಠೆ ತೋರಿಸಿತು, ಅದರ ತುಂಟತನಕ್ಕೆ ತೋರಿಸಲಿಲ್ಲ. ಬಡ್ಡಿಯ ಲೆಕ್ಕ ಹಾಕುವ, ಆಡಿಗೆ ಅಡ್ಡಹೆಸರು ಇಡುವ ಮನುಷ್ಯ ಹೋಗಿ ಬರೀ ಸಹಿಸುವ ಮನುಷ್ಯ ಉಳಿದ.

ಇನ್ನೊಂದು ವಿಚಾರ. ಸಿನಿಮಾ ಬಂದ ಮೇಲೆ ಜನ ಕಾದಂಬರಿಯಲ್ಲಿ ಬರೆದದ್ದನ್ನೆಲ್ಲ ಆ ನಿಜವಾದ ಮನುಷ್ಯನ ಮೇಲೆ ಹೊರಿಸಿ ಪ್ರಶ್ನೆ ಕೇಳತೊಡಗಿದರು. ಕಾದಂಬರಿಯ ನಜೀಬ್ ತಾನು ಕಟ್ಟಿದ ಪಾತ್ರ ಎಂದು ಬೆನ್ಯಾಮಿನ್ ವಿವರಿಸಬೇಕಾಯಿತು. ಪಾಪ, ಮರುಭೂಮಿಯಿಂದ ತಪ್ಪಿಸಿಕೊಂಡು ಬಂದವನು ಓದುಗರಿಂದ ತಪ್ಪಿಸಿಕೊಳ್ಳುವುದು ಕಷ್ಟ ಆಯಿತು. ಕಾದಂಬರಿಕಾರ ಸ್ವತಂತ್ರ, ನಿರ್ದೇಶಕ ಸ್ವತಂತ್ರ. ಸಿಕ್ಕಿಹಾಕಿಕೊಂಡದ್ದು ಬದುಕಿರುವವನು.

(ಇಲ್ಲೇ 'ಒಂದು ನೂರು ವರ್ಷಗಳ ಏಕಾಂತ' ಸರಣಿಯ ಬಗ್ಗೆಯೂ ಹೇಳಿ ಮುಗಿಸುತ್ತೇನೆ. ಆ ಕಾದಂಬರಿ ಬರೆದ ಕೊಲಂಬಿಯಾದ ಮಾರ್ಕ್ವೆಜ್ ಬದುಕಿರುವವರೆಗೆ ಸಿನಿಮಾದವರಿಗೆ ಹಕ್ಕು ಕೊಡಲಿಲ್ಲ. ಮಕ್ಕಳು ಒಪ್ಪಿದರು. 2024ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಎಂಟು ಕಂತು ಬಂದವು. ಕೊಲಂಬಿಯಾದಲ್ಲೇ, ಸ್ಪ್ಯಾನಿಷ್‌ನಲ್ಲೇ ತೆಗೆದದ್ದು ದೊಡ್ಡ ಕೆಲಸ. ಮನೆ, ಬೀದಿ, ಬಟ್ಟೆ ಎಲ್ಲ ಕಣ್ಣು ತುಂಬುತ್ತದೆ. ಆದರೆ ಹಿನ್ನೆಲೆಯ ದನಿ ಪುಸ್ತಕದ ಸಾಲು ಓದುತ್ತಾ ಹೋಗುತ್ತದೆ, ಚಿತ್ರ ಅದರ ಹಿಂದೆ ತಲೆಬಾಗಿ ನಡೆಯುತ್ತದೆ. ಸಾಲು ಬೇಕಾದರೆ ನಮ್ಮ ಹತ್ತಿರ ಪುಸ್ತಕ ಇದೆಯಲ್ಲ. ಮೂರನೇ ಕಂತಿಗೆ ನಾನು ಮೊಬೈಲ್ ಪಕ್ಕಕ್ಕಿಟ್ಟು ಪುಸ್ತಕವನ್ನೇ ತೆಗೆದೆ. ಅದು ಸರಣಿಯ ಗೆಲುವು ಅಂತ ಬೇಕಾದರೂ ಹೇಳಬಹುದು.)

ತೊಗರಿ ರಾಶಿ ಮತ್ತು ಕ್ಯಾಮೆರಾ

ಡಾಕ್ಯುಮೆಂಟರಿಯ ವಿಚಾರದಲ್ಲಿ ನಾನು ಇಷ್ಟು ಹಟ ಹಿಡಿಯಲು ಒಂದು ಕಾರಣ ಇದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಗುರುತು, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಮಾನ್ಯತೆ, ಬಂತು. ಅದಾದ ಮೇಲೆ ತೊಗರಿಯ ಬಗ್ಗೆ ಹೊರಗಿನವರ ಕುತೂಹಲ ಸ್ವಲ್ಪ ಜಾಸ್ತಿ ಆಯಿತು. ಆಳಂದದ ಕಡೆ ನಮ್ಮ ಅತ್ತೆಯ ಹೊಲ ಇದೆ. ಒಂದು ಸಲ ರಾಶಿಯ ಹೊತ್ತಿಗೆ ದೂರದಿಂದ ಒಂದು ಚಿತ್ರತಂಡ ಬಂತು. ಒಳ್ಳೆಯ ಹುಡುಗರು. ನಾನೂ ಅಲ್ಲೇ ಇದ್ದೆ. ಹೊಲದ ಅಂಚಿನಲ್ಲಿ ರಾಶಿ ಮಾಡುವ ಮಷಿನ್ ನಿಂತಿತ್ತು. ಅದರ ಬಾಡಿಗೆ ಗಂಟೆಯ ಲೆಕ್ಕ. ಕ್ಯಾಮೆರಾದವನು ಎರಡು ಸುತ್ತು ಹಾಕಿ ನೋಡಿದ. ಅವನಿಗೆ ಮಷಿನ್ ಸರಿ ಬರಲಿಲ್ಲ. ಫ್ರೇಮಿನಲ್ಲಿ ಬಂದರೆ ನೈಜ ಅನಿಸಲ್ಲ ಅಂದ. ಅದನ್ನು ಸ್ವಲ್ಪ ಆಚೆ ಸರಿಸಿ, ಹೆಂಗಸರು ಹಿಂದಿನ ಕಾಲದ ಹಾಗೆ ಕೋಲು ಹಿಡಿದು ತೊಗರಿ ಬಡಿಯಬಹುದಾ ಅಂತ ಕೇಳಿದ.

ಅತ್ತೆ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, 'ಬಡೀತೀವಿ ತಮ್ಮಾ. ಇವತ್ತಿನ ಕೂಲಿ ಯಾರು ಕೊಡ್ತೀರಿ? ಮಷಿನ್ ಬಾಡಿಗಿ ಯಾರು ಕೊಡ್ತೀರಿ?' ಅಂದಳು. ಹೆಂಗಸರೆಲ್ಲ ಕಿಸಕ್ ಅಂದರು. ಹುಡುಗನಿಗೆ ನಾಚಿಕೆ ಆಯಿತು. ಆದರೂ ಕೊನೆಗೆ ಬಡಿದರು. ಮನೆಗೆ ಬಂದ ಅತಿಥಿ ಕೇಳಿದಾಗ ಇಲ್ಲ ಅನ್ನೋದು ನಮ್ಮ ಕಡೆ ಕಷ್ಟ. ಸಂಜೆಯ ಬಿಸಿಲಿನಲ್ಲಿ ಧೂಳು ಬಂಗಾರದ ಹಾಗೆ ಏಳುತ್ತಿತ್ತು. ಅತ್ತೆಯ ಮುಖದ ಸುಕ್ಕು ಬಹಳ ಚೆನ್ನಾಗಿ ಬಂದಿರಬೇಕು. ಆ ಚಿತ್ರ ನೋಡಿದವರು ಖಂಡಿತ 'ಸಿನಿಮಾದ ಹಾಗೇ ಇದೆ' ಅಂದಿರುತ್ತಾರೆ. ಇತ್ತ ಮಷಿನಿನವನು ಗಂಟೆ ಎಣಿಸುತ್ತಾ ಬೀಡಿ ಸೇದುತ್ತಿದ್ದ. ಅವನು ಯಾವ ಫ್ರೇಮಿನಲ್ಲೂ ಇಲ್ಲ.

ಇದು ಹೊಸ ಚಾಳಿ ಏನಲ್ಲ. ರಾಬರ್ಟ್ ಫ್ಲಾಹರ್ಟಿ 1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ಮಾಡಿದಾಗಲೇ ಇದು ಶುರುವಾಗಿತ್ತು. ಕೆನಡಾದ ಹಿಮದ ನಾಡಿನ ಇನುಯಿಟ್ ಜನ ಆಗಲೇ ಬಂದೂಕು ಬಳಸುತ್ತಿದ್ದರು. ಫ್ಲಾಹರ್ಟಿಗೆ ಈಟಿ ಬೇಕಿತ್ತು, ಈಟಿಯಲ್ಲೇ ಬೇಟೆ ಆಡಿಸಿದ. ಹಿಮದ ಮನೆಯೊಳಗೆ ಬೆಳಕು ಸಾಲಲಿಲ್ಲ, ಅರ್ಧ ಮನೆ ಮಾತ್ರ ಕಟ್ಟಿಸಿದ. ನಾನೂಕ್ ಅನ್ನೋದೂ ಸಿನಿಮಾಕ್ಕೆ ಇಟ್ಟ ಹೆಸರು. ಆ ಮನುಷ್ಯನ ಹೆಸರು ಅಲ್ಲಕರಿಯಲ್ಲಕ್. ಸಿನಿಮಾ ಶಾಲೆಗಳಲ್ಲಿ ಇವತ್ತಿಗೂ ಅದನ್ನು ಪಾಠ ಮಾಡುತ್ತಾರೆ. ಮಾಡಲಿ, ದೊಡ್ಡ ಸಿನಿಮಾವೇ. ಆದರೆ ನೂರು ವರ್ಷ ಆದಮೇಲೂ ಆಳಂದದ ಹೊಲಕ್ಕೆ ಅದೇ ಈಟಿ ಹಿಡಿದು ಬಂದರೆ ಹೇಗೆ?

ನಿಜ ಹೇಳಬೇಕೆಂದರೆ ಆ ಮಷಿನ್ ಇದ್ದ ಚಿತ್ರವೇ ಹೆಚ್ಚು ಕುತೂಹಲದ್ದು. ಬಾಡಿಗೆ ಎಷ್ಟು, ಅದು ಬಂದಮೇಲೆ ಕೂಲಿಯ ಹೆಂಗಸರ ಕೆಲಸ ಎಷ್ಟು ಹೋಯಿತು, ಹೋದ ಹೆಂಗಸರು ಪುಣೆಗೆ ಹೋದರೋ ಮುಂಬೈಗೆ ಹೋದರೋ. ಕತೆ ಇರುವುದೇ ಅಲ್ಲಿ, ಅಲ್ವಾ?

ಹದ್ದುಗಳು, ವರದಿಗಾರ್ತಿಯರು, ಅಪ್ಪು

ಹಾಗಾದರೆ ಡಾಕ್ಯುಮೆಂಟರಿ ಚೆಂದ ಇರಲೇಬಾರದಾ ಅಂತ ಕೇಳಬಹುದು. ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' ನೋಡಿ. 2022ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಡಾಕ್ಯುಮೆಂಟರಿ ವಿಭಾಗದ ದೊಡ್ಡ ಪ್ರಶಸ್ತಿ ಪಡೆದದ್ದು. ದೆಹಲಿಯ ನದೀಮ್, ಸೌದ್ ಎಂಬ ಅಣ್ಣತಮ್ಮಂದಿರು ಗಾಯಗೊಂಡ ಹದ್ದುಗಳಿಗೆ ಚಿಕಿತ್ಸೆ ಕೊಡುತ್ತಾರೆ. ಅಷ್ಟೇ ಕತೆ. ಕ್ಯಾಮೆರಾ ಬಹಳ ನಿಧಾನ ಹೊರಳುತ್ತದೆ. ಶುರುವಿನಲ್ಲೇ ರಾತ್ರಿಯ ಕತ್ತಲೆ, ಇಲಿಗಳ ಗುಂಪು. ನೋಡಲು ಯಾವ ಸಿನಿಮಾಕ್ಕೂ ಕಡಿಮೆ ಇಲ್ಲ. ಆದರೆ ಅಲ್ಲಿ ಯಾವ ಮಷಿನನ್ನೂ ಆಚೆ ಸರಿಸಿಲ್ಲ. ಅವರ ಸೋಪ್ ಡಿಸ್ಪೆನ್ಸರ್ ತಯಾರಿಸುವ ನೆಲಮಾಳಿಗೆಯಲ್ಲೇ ಹಕ್ಕಿಯ ಆಸ್ಪತ್ರೆ. ಡಬ್ಬಗಳು ಹಾಗೇ ಬಿದ್ದಿವೆ. ಅಣ್ಣತಮ್ಮಂದಿರು ದುಡ್ಡಿಗೆ, ಕೆಲಸಕ್ಕೆ ಕಿತ್ತಾಡುತ್ತಾರೆ. ಹೊರಗೆ ಪೌರತ್ವ ಕಾಯ್ದೆಯ ಪ್ರತಿಭಟನೆಯ ದನಿ ಕೇಳಿಸುತ್ತದೆ. ಯಾರೂ ಕ್ಯಾಮೆರಾಕ್ಕೆ ಭಾಷಣ ಕೊಡುವುದಿಲ್ಲ. ಚೆಂದವನ್ನು ಕಾದು ಪಡೆದಿದ್ದಾರೆ, ಕೇಳಿ ಮಾಡಿಸಿಕೊಂಡಿಲ್ಲ ಅಂತ ನನಗೆ ಅನಿಸುತ್ತದೆ.

'ರೈಟಿಂಗ್ ವಿತ್ ಫೈರ್' ಇನ್ನೊಂದು ಬಗೆ. ಬುಂದೇಲ್‌ಖಂಡದ ಖಬರ್ ಲಹರಿಯಾ ಪತ್ರಿಕೆಯ ದಲಿತ ಹೆಣ್ಣುಮಕ್ಕಳ ಬಗ್ಗೆ. ರಿಂಟು ಥಾಮಸ್, ಸುಷ್ಮಿತ್ ಘೋಷ್ ಮಾಡಿದ್ದು. ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ನೋಡುವಾಗ ಮೈ ಬಿಸಿ ಆಗುತ್ತದೆ. ಒಬ್ಬ ಹೆಣ್ಣುಮಗಳು ಮೊಬೈಲ್ ಹಿಡಿದು ದೊಡ್ಡವರ ಮುಖಕ್ಕೆ ಪ್ರಶ್ನೆ ಹಾಕುವುದನ್ನು ನೋಡಿ ನಾನು ಒಬ್ಬನೇ ಮನೆಯಲ್ಲಿ ಸಿಳ್ಳೆ ಹೊಡೆದಿದ್ದೇನೆ. ಆದರೆ 2022ರಲ್ಲಿ, ಆಸ್ಕರ್‌ಗೆ ಸ್ವಲ್ಪ ಮುಂಚೆ, ಖಬರ್ ಲಹರಿಯಾದವರೇ ಒಂದು ಹೇಳಿಕೆ ಕೊಟ್ಟರು. ಚಿತ್ರ ಮನಮುಟ್ಟುವ ಹಾಗಿದೆ, ಆದರೆ ನಾವು ಒಂದೇ ಪಕ್ಷದ ಬಗ್ಗೆ ವರದಿ ಮಾಡುವವರ ಹಾಗೆ ಕಾಣುತ್ತೇವೆ, ಅದು ನಮ್ಮ ಪೂರ್ತಿ ಕೆಲಸ ಅಲ್ಲ ಎಂಬ ಅರ್ಥದ್ದು. ಕೆಲವರು ಇದನ್ನು ಕೃತಘ್ನತೆ ಅಂದರು. ನನಗೆ ಹಾಗೆ ಕಾಣಲಿಲ್ಲ. ಚಿತ್ರತಂಡ ಪ್ರಶಸ್ತಿ ತೆಗೆದುಕೊಂಡು ಮುಂದಿನ ಚಿತ್ರಕ್ಕೆ ಹೋಗುತ್ತದೆ. ಆ ಹೆಣ್ಣುಮಕ್ಕಳು ಮರುದಿನ ಎಲ್ಲ ಪಕ್ಷದವರ ಮನೆಯ ಬಾಗಿಲಿಗೆ ಸುದ್ದಿ ಕೇಳಲು ಹೋಗಬೇಕು. ಅವರಿಗೆ ಆ ವ್ಯತ್ಯಾಸ ಹೊಟ್ಟೆಪಾಡಿನದು, ಜೀವದ್ದು ಕೂಡ.

'ಗಂಧದ ಗುಡಿ' ಬಗ್ಗೆ ಏನೂ ಹೇಳದೆ ಹೋದರೆ ನಮ್ಮೂರಿನವರು ಬಿಡುವುದಿಲ್ಲ. 2022ರ ಅಕ್ಟೋಬರ್ 28ಕ್ಕೆ ಬಂತು, ಅಪ್ಪು ಹೋಗಿ ಒಂದು ವರ್ಷ ಆಗಲು ಒಂದು ದಿನ ಬಾಕಿ. ಅಮೋಘವರ್ಷ ಕಾಡು, ಕಡಲು ಎಲ್ಲ ಚೆನ್ನಾಗಿಯೇ ತೋರಿಸಿದ್ದಾರೆ. ಆದರೆ ಥಿಯೇಟರಿನಲ್ಲಿ ಕಾಡು ನೋಡಿದವರು ಯಾರು? ಪುನೀತ್ ಮೇಕಪ್ ಇಲ್ಲದೆ, ಹಾವಿಗೆ ಹೆದರುತ್ತಾ, ಮನೆಯವರ ಹಾಗೆ ಮಾತಾಡುತ್ತಿದ್ದರು. ಜನ ಅಳುತ್ತಿದ್ದರು. ನನ್ನ ಪಕ್ಕದ ಅಜ್ಜಿ ಪ್ರತಿ ದೃಶ್ಯಕ್ಕೂ 'ನನ ಕಂದಾ' ಅನ್ನುತ್ತಿದ್ದಳು. ಅದರ ಬಗ್ಗೆ ಅಭಿಪ್ರಾಯ ಹೇಳುವ ಶಕ್ತಿ ನನಗಿಲ್ಲ, ಬಿಡಿ.

ಸುರಪುರದ 'ಅಪ್ಪಾ'

ಈ ಯೋಚನೆಗಳೆಲ್ಲ ಒಂದು ಕಡೆ ಬಂದು ಸೇರಿದ್ದು ಸುರಪುರದಲ್ಲಿ. ಅದೇ ಗೆಳೆಯನ ಜೊತೆ ಜೇವರ್ಗಿ, ಶಹಾಪುರ ದಾಟಿ ಹೋಗಿದ್ದೆ. ಅಲ್ಲಿ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಇಲ್ಲಿಗೆ ಬಂದು, ರಾಜ ಚಿಕ್ಕವನಿದ್ದಾಗ ಸಂಸ್ಥಾನ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ. 1839ರಲ್ಲೇ ದಾರಿಗಳ್ಳ ಠಕ್ಕರ ಬಗ್ಗೆ ಕಾದಂಬರಿ ಬರೆದು ಹೆಸರಾಗಿದ್ದವನು. ಹುಡುಗ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಅಂತ ಕರೆಯುತ್ತಿದ್ದನಂತೆ. 1853ರಲ್ಲಿ ಅಧಿಕಾರ ಹುಡುಗನ ಕೈಗೆ ಬಂತು. 1858ರಲ್ಲಿ ಅದೇ ಹುಡುಗ ಇಂಗ್ಲಿಷರ ಮೇಲೆ ತಿರುಗಿಬಿದ್ದ, ಸೋತ, ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಸೆರೆಮನೆಯಲ್ಲಿ ಟೇಲರ್ ಹೋಗಿ ನೋಡಿದ. ಮರಣದಂಡನೆ ಕಡಿಮೆಯಾಗಿ ಕೆಲವು ವರ್ಷದ ಸೆರೆ ಅಂತ ಆಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲೇ ರಾಜ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡ ಅಂತ ಇಂಗ್ಲಿಷರ ಮಾತು. ಊರಿನಲ್ಲಿ ಎಲ್ಲರೂ ಅದನ್ನು ಒಪ್ಪುವುದಿಲ್ಲ.

ಸಿನಿಮಾಕ್ಕೆ ಇದಕ್ಕಿಂತ ಏನು ಬೇಕು? ಆದರೆ ಇದರಲ್ಲಿ ಬಹುಪಾಲು ನಮಗೆ ಸಿಗುವುದು ಟೇಲರ್ ಬರೆದ ಆತ್ಮಕಥೆಯಿಂದ. ಅವನು ಸತ್ತ ಮೇಲೆ 1877ರಲ್ಲಿ ಅಚ್ಚಾದದ್ದು. 'ಅಪ್ಪಾ' ಎಂಬ ಕೂಗನ್ನು ಕೇಳಿದವನೂ ಅವನೇ, ಬರೆದವನೂ ಅವನೇ. ಆ ಪುಸ್ತಕದಲ್ಲಿ ರಾಜನ ತಾಯಿ ರಾಣಿ ಈಶ್ವರಮ್ಮ ಕೆಟ್ಟವಳು. ಹೌದು, ಬರೆದವನು ಅವಳ ಅಧಿಕಾರ ಕಿತ್ತುಕೊಳ್ಳಲು ಬಂದವನು. ಇನ್ನೇನು ಬರೆಯುತ್ತಾನೆ?

ಡಾಕ್ಯುಮೆಂಟರಿ ಮಾಡುವವರು ಇದನ್ನು ನೇರವಾಗಿ ಹೇಳಲೇಬೇಕು. ಇದು ಒಬ್ಬನ ಮಾತು, ಉಳಿದವರ ಮಾತು ನಮ್ಮ ಕೈಗೆ ಅಷ್ಟು ಸಿಕ್ಕಿಲ್ಲ ಅಂತ. ಡ್ರೋನ್ ಹಾರಿಸಿ, ಕೋಟೆ ತೋರಿಸಿ, ಗಂಭೀರ ದನಿಯಲ್ಲಿ ಟೇಲರ್ ಹೇಳಿದ್ದನ್ನೇ ಇತಿಹಾಸ ಅಂತ ಓದಿದರೆ ಆಗುವುದಿಲ್ಲ. ಸಿನಿಮಾ ಮಾಡುವವರಾದರೆ ಆ ಪುಸ್ತಕವನ್ನು ತಿರುವಿ ಹಾಕಲಿ ಅಂತ ನನ್ನ ಆಸೆ. ರಾಣಿಯ ಕಡೆಯಿಂದ ಹೇಳಲಿ. ಮಗ ಪರದೇಶದವನನ್ನು ಅಪ್ಪಾ ಅನ್ನುವಾಗ ಒಳಮನೆಯಲ್ಲಿ ಕೂತ ತಾಯಿಗೆ ಏನನಿಸಿರಬೇಕು? ಅದು ಯಾವ ಪುಟದಲ್ಲೂ ಇಲ್ಲ. ಕಟ್ಟಬೇಕು. ಕಟ್ಟಲು ಬೇಕಾದ ದನಿ ಈ ನೆಲದಲ್ಲಿ ಇದೆ. ನಮ್ಮ ಗೀತಾ ನಾಗಭೂಷಣ ಅವರ 'ಬದುಕು' ಓದಿದವರಿಗೆ ಗೊತ್ತು, ಈ ಕಡೆಯ ಹೆಣ್ಣುಮಕ್ಕಳು ಸಿಟ್ಟು ಬಂದಾಗ ಹೇಗೆ ಮಾತಾಡುತ್ತಾರೆ ಅಂತ. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಮಾತಿನ ಖಾರ ಪರದೆಗೆ ಇನ್ನೂ ಸರಿಯಾಗಿ ಬಂದಿಲ್ಲ ಅಂತ ನನ್ನ ತಕರಾರು.

ಇದನ್ನೆಲ್ಲ ವಾಪಸು ಬರುವಾಗ ಬಸ್ಸಿನಲ್ಲಿ ಗೆಳೆಯನಿಗೆ ಹೇಳಿದೆ. ಅವನಿಗೆ ರಾಣಿ ಒಪ್ಪಿಗೆ. ಆದರೆ ಆನೆ, ಫಿರಂಗಿ, ಇಂಟರ್‌ವಲ್‌ಗೆ ಮೊದಲು ಒಂದು ದೊಡ್ಡ ಕಾಳಗ ಇರಲೇಬೇಕು ಅಂದ. ಕಾಳಗ ಇರಲಿ ಅಂತ ನಾನೂ ಒಪ್ಪಿದೆ. ಆಮೇಲೆ ರಾಣಿಯ ಪಾತ್ರ ಯಾರು ಮಾಡಬೇಕು ಅನ್ನೋದು ಶುರುವಾಯಿತು. ಅವನು ಹೇಳಿದ ನಟಿ ನನಗೆ ಸರಿ ಬರಲಿಲ್ಲ. ನಾನು ಹೇಳಿದವಳಿಗೆ ನಮ್ಮ ಕಡೆಯ ಮಾತು ಬರಲ್ಲ ಅಂತ ಅವನು. ಜೇವರ್ಗಿ ಬಂದರೂ ತೀರ್ಮಾನ ಆಗಲಿಲ್ಲ. ನಿಮಗೆ ಯಾರಾದರೂ ಹೊಳೆದರೆ ಹೇಳಿ.